ಲೋಕನಾಥ ಶೆಟ್ಟರ ಲಾಕಿನ ಚೂರಿ

ವಾಮದಪದವಿನಲ್ಲಿ ಲೋಕನಾಥ ಶೆಟ್ಟರ ಚೂರಿಯ ಪುರಾಣ ಕೇಳದವರು ಯಾರೂ ಇರಲಿಕ್ಕಿಲ್ಲ. ಬಹ್ರೈನಿನ ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಂಡಿದ್ದು ಊರಿಗೆ ಮರಳಿದ ಮನುಷ್ಯ. ಡಬ್ಬ ತೆರೆಯಲಿ, ಪೆಟ್ಟಿಗೆ ಬಿಚ್ಚಲಿ, ಕೈಯಲ್ಲಿರುವ ಆಯುಧ ಸರಿಯಾಗಿರಬೇಕು ಎಂಬ ಹಠ ಅಲ್ಲಿಂದಲೇ ಅಂಟಿಕೊಂಡದ್ದು. ಇರಲಿ, ಹಠ ಯಾರಿಗಿಲ್ಲ? ಆದರೆ ಅದನ್ನು ಹೆಂಡತಿಯ ತಲೆಗೂ ಕಟ್ಟಿದರಲ್ಲ, ಎಡವಟ್ಟಾದದ್ದು ಅಲ್ಲಿ.

ಚೂರಿ ತಂದುಕೊಟ್ಟವನು ತೋಡಾರಿನಲ್ಲಿರುವ ಅವರ ತಂಗಿಯ ಮಗ ಶೋಧನ್. ದುಬೈಯಿಂದ ರಜೆಗೆ ಬರುವ ಮೊದಲು ಅಂಗಡಿಯಲ್ಲಿ ನಿಂತೇ ಫೋನು ಮಾಡಿದ್ದ.

"ಮಾವ, ಇದರ ಬ್ಲೇಡಿನಲ್ಲಿ ಒಂದು ತೂತು ಉಂಟು. ಹೆಬ್ಬೆರಳು ಹಾಕಿ ದೂಡಿದರೆ ಒಂದೇ ಕೈಯಲ್ಲಿ ತೆರೀತದೆ. ಅರ್ಧ ಬ್ಲೇಡಿಗೆ ಗರಗಸದ ಹಾಗೆ ಹಲ್ಲು ಉಂಟು. ಹಗ್ಗಕ್ಕೆಲ್ಲ ಒಳ್ಳೆಯದು."

"ಎಂತ ಮಾರಾಯ, ಅದು ರೌಡಿಗಳ ಚೂರಿ!" ಶೆಟ್ಟರು ಇಲ್ಲಿಂದಲೇ ಗದರಿದರು. "ಕಿಸೆಯೊಳಗೇ ತೆರೆದುಕೊಂಡರೆ ನನ್ನ ತೊಡೆಯ ಗತಿ ಎಂತ? ಹಲ್ಲಿನ ಬ್ಲೇಡಿಗೆ ಸಾಣೆ ಹಿಡಿಯಲಿಕ್ಕೂ ಆಗುವುದಿಲ್ಲ. ನೇರ ಅಲಗಿನದ್ದು ತೆಗೆ, ಉಗುರು ಹಾಕಿ ಎತ್ತುವಂಥದ್ದು. ಲಾಕ್ ಮಾತ್ರ ಗಟ್ಟಿ ಇರಬೇಕು."

ಹಾಗೆ ಬಂದ ಚೂರಿ. ಕೆಂಪು ಹಿಡಿ, ಒಳಗೆ ಸ್ಕ್ರೂಡ್ರೈವರು, ಅರ, ಡಬ್ಬ ತೆರೆಯುವ ಕೊಕ್ಕೆ, ಕತ್ತರಿ, ಇನ್ನೂ ಏನೇನೋ. ದೊಡ್ಡ ಅಲಗನ್ನು ಎಳೆದು ತೆರೆದರೆ ಒಳಗಿನ ತೆಳು ತಗಡೊಂದು ಸರಿದು ಅದರ ಬುಡಕ್ಕೆ ಅಡ್ಡ ನಿಲ್ಲುತ್ತಿತ್ತು. ಆ ತಗಡನ್ನು ಬೆರಳಿನಿಂದ ಬದಿಗೊತ್ತದೆ ಅಲಗು ಮಡಚಲು ಬ್ರಹ್ಮನಿಂದಲೂ ಆಗದು. ಉಮ್ಮರನ ಚಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಶೆಟ್ಟರು ಈ ಲಾಕಿನ ಮಹಿಮೆಯನ್ನು ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು.

"ಎಲ್ಲ ಸರಿ ಶೆಟ್ರೇ, ಸಕ್ಕರೆ ಕದಡುವ ಚಮಚ ಇಲ್ವಾ ಇದರಲ್ಲಿ?" ಎಂದು ಉಮ್ಮರ್ ಕಾಲೆಳೆದ. ಶೆಟ್ಟರಿಗೆ ನಗು ಬರಲಿಲ್ಲ.

ಊರಿಗೆಲ್ಲ ತೋರಿಸಿದ ಚೂರಿಯನ್ನು ಮನೆಯವಳ ಕೈಗೆ ಮಾತ್ರ ಕೊಡಲಿಲ್ಲ. ಒಮ್ಮೆ ಜಲಜಾಕ್ಷಿ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲೆಂದು ಅದನ್ನು ಎತ್ತಿಕೊಂಡಿದ್ದಳು. "ಮುಟ್ಟಬೇಡ ಮಾರಾಯ್ತಿ, ಬೆರಳು ತುಂಡು ಮಾಡಿಕೊಳ್ತಿ!" ಎಂದು ಶೆಟ್ಟರು ಅಂಗಳದಿಂದಲೇ ಬೊಬ್ಬೆ ಹೊಡೆದರು. ಗಾಬರಿಯಿಂದ ಅವಳು ಚೂರಿಯನ್ನು ಅವರ ಕೈಗೇ ಕೊಡಹೋದಳು. ಅದಕ್ಕೆ ಇನ್ನೊಂದು ಬೈಗುಳ. ಚೂರಿ, ಕತ್ತಿ ಏನೇ ಇರಲಿ, ಕೈಯಿಂದ ಕೈಗೆ ಕೊಟ್ಟರೆ ಮನೆಯಲ್ಲಿ ಜಗಳ ಹುಟ್ಟುತ್ತದೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಶೆಟ್ಟರ ತಾಯಿ ನಡೆಸಿಕೊಂಡು ಬಂದ ಕ್ರಮ ಅದು. "ಕೆಳಗಿಡು! ಎಷ್ಟು ಸಲ ಹೇಳುವುದು ನಿನಗೆ?" ಎಂದರು. ಅವಳು ಕೆಳಗಿಟ್ಟಳು. ಆಮೇಲೆ ಆ ಮಾತನ್ನು ಅವಳಿಗೆ ಇನ್ನೊಮ್ಮೆ ಹೇಳಬೇಕಾಗಿ ಬರಲಿಲ್ಲ.

ಜಲಜಾಕ್ಷಿಗೆ ಚೂರಿಯ ಆಸೆಯೂ ಇರಲಿಲ್ಲ ಅನ್ನಿ. ಅವಳ ಜೀವವೆಲ್ಲ ಬೊಳ್ಳಿಯಲ್ಲಿತ್ತು. ಬೊಳ್ಳಿ ಹುಟ್ಟಿದ ವಾರದಲ್ಲೇ ಅದರ ತಾಯಿ ಹಾವು ಕಚ್ಚಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ, ಚಳಿಗೆ ತನ್ನ ಹಳೇ ಸೀರೆ ಹೊದೆಸಿ ಸಾಕಿದ ಬಿಳಿ ಕರು ಅದು. ಈಗ ದೊಡ್ಡದಾಗಿ ಚೊಚ್ಚಲ ಗಬ್ಬ. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಓದುವ ಮಗಳು ಸಾತ್ವಿಕಾ ಫೋನು ಮಾಡಿದರೂ ಮೊದಲ ಪ್ರಶ್ನೆ, "ಅಮ್ಮ, ಬೊಳ್ಳಿ ಕರು ಹಾಕಿತಾ?"

ಆ ದಿನ ಮಧ್ಯಾಹ್ನ ಹನಿ ಮಳೆ ಬಂದು ನಿಂತಿತ್ತು. ಗುಡ್ಡೆಯ ಅಂಚಿನಲ್ಲಿ ಗೇರುಮರಕ್ಕೆ ಕಟ್ಟಿದ್ದ ಬೊಳ್ಳಿ ಹುಲ್ಲಿಗೆ ಕತ್ತು ಚಾಚಿ ಕಾಲು ಜಾರಿತು. ಜಾರಿದ್ದು ಸೀದಾ ಗೋಡೆಯ ಹಾಗೆ ಕಡಿದಾದ ಮಣ್ಣಿನ ಬರೆಯಿಂದ ಕೆಳಕ್ಕೆ. ನೈಲಾನ್ ಹಗ್ಗ ಕುತ್ತಿಗೆಗೆ ಬಿಗಿದು ಹಿಡಿಯಿತು. ಹಿಂಗಾಲು ಮಾತ್ರ ಬರೆಯ ನಡುವಿನ ಸಣ್ಣ ಮೆಟ್ಟಿನ ಮೇಲೆ ನಿಂತಿತ್ತು, ಮುಂಗಾಲು ಗಾಳಿಯಲ್ಲಿ ಒದ್ದಾಡುತ್ತಿತ್ತು. ತೋಟದಿಂದ ಬರುತ್ತಿದ್ದ ಶೆಟ್ಟರು ಕಂಡವರೇ ಓಡಿ ಆ ಮೆಟ್ಟು ಹತ್ತಿದರು. ಅದರ ಎದೆಗೆ ಹೆಗಲು ಕೊಟ್ಟು, ಎರಡೂ ಕೈಯಲ್ಲಿ ತಬ್ಬಿ ಮೇಲಕ್ಕೊತ್ತಿದರು. ಹಗ್ಗ ಒಂದಿಷ್ಟು ಸಡಿಲವಾಯಿತು, ಬೊಳ್ಳಿ ಗೊರ ಗೊರ ಉಸಿರೆಳೆಯಿತು.

"ಜಲಜಾ! ಓಡಿ ಬಾ! ಬೊಳ್ಳಿ ನೇತುಬಿದ್ದಿದೆ!"

ಮನೆಯ ಜಗಲಿಯಿಂದ ಅವಳ ದನಿ ಕೇಳಿತು: "ಅಯ್ಯೋ ದೇವರೇ! ಕತ್ತಿ ತರಲಾ?"

"ಬೇಡ! ಚೂರಿ ನನ್ನ ಕಿಸೆಯಲ್ಲಿ ಉಂಟು! ನೀನು ಬಾ!"

ಅಡಿಗೆಮನೆಯ ಬಾಗಿಲಲ್ಲೇ ಕತ್ತಿ ನೇತಾಡುತ್ತಿತ್ತು. ತೆಂಗಿನ ಗೊನೆ ಕಡಿಯುವ ಕತ್ತಿ, ಒಂದೇಟಿಗೆ ಆ ಹಗ್ಗ ಎರಡಾಗುತ್ತಿತ್ತು. ಗಂಡ ಬೇಡವೆಂದ ಮೇಲೆ ಅವಳು ಬರಿಗೈಯಲ್ಲಿ ಓಡಿಬಂದಳು.

ಶೆಟ್ಟರ ಚಡ್ಡಿಯ ಕಿಸೆಗೆ ಕೈ ಹಾಕಿ ಚೂರಿ ತೆಗೆದಳು. ತೆರೆಯುವುದು ಹೇಗೆ? ಅವಳಿಗೇನು ಗೊತ್ತು, ಯಾವತ್ತು ತೋರಿಸಿದ್ದರು? ಸಿಕ್ಕಿದ್ದನ್ನು ಎಳೆದಳು, ಸ್ಕ್ರೂಡ್ರೈವರು ಬಂತು. ಇನ್ನೊಂದು ಎಳೆದರೆ ಡಬ್ಬದ ಕೊಕ್ಕೆ. ಇನ್ನೊಂದು ಅರ.

"ದೊಡ್ಡದು! ದೊಡ್ಡದನ್ನು ತೆಗಿ! ಉಗುರು ಹಾಕಿ ಎಳೆ!"

ಮುಸುರೆ ತಿಕ್ಕಿ ಸವೆದ ಕೈ, ಉಗುರು ಎಲ್ಲಿಂದ ತರುವುದು? ಒದ್ದೆ ಬೆರಳು ಆ ಸಣ್ಣ ಗೀರಿನಿಂದ ಜಾರಿ ಜಾರಿ ಬಂತು. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಎಳೆದಳು. ಅಲಗು ತೆರೆಯಿತು, ಲಾಕು ಟಕ್ಕೆಂದು ಬಿತ್ತು. ತುಟಿ ಹರಿದು ರಕ್ತ ಇಳಿಯುತ್ತಿದ್ದುದು ಅವಳಿಗೆ ತಿಳಿಯಲೇ ಇಲ್ಲ.

"ನಾನು ಮೇಲೆ ಹೋಗಿ ಕೊಯ್ತೇನೆ."

"ನಿನ್ನಿಂದ ಆಗುವುದಿಲ್ಲ, ಇಲ್ಲಿ ಕೊಡು! ಬೇಗ ಕೊಡು!"

ಶೆಟ್ಟರು ತಬ್ಬಿದ್ದ ಬಲಗೈಯನ್ನು ಕಷ್ಟದಿಂದ ಬಿಡಿಸಿ ಚಾಚಿದರು. ಜಲಜಾಕ್ಷಿ ಚೂರಿಯನ್ನು ಅವರ ಕಾಲ ಬುಡದ ಕಲ್ಲಿನ ಮೇಲೆ ಇಟ್ಟಳು. ಇಡಬೇಕೆಂದು ಯೋಚಿಸಿ ಇಟ್ಟದ್ದಲ್ಲ, ಕೈ ತಾನಾಗಿ ಇಟ್ಟಿತು. ಇಟ್ಟ ಮೇಲೆ ತಾನೇನು ಮಾಡಿದೆನೆಂದು ಅವಳಿಗೇ ಹೊಳೆದು ಮತ್ತೆ ಬಗ್ಗಿದಳು. ಅಷ್ಟರಲ್ಲಿ ಶೆಟ್ಟರೂ ಬಗ್ಗಿಯಾಗಿತ್ತು.

ಹೆಗಲು ತಪ್ಪಿತು. ಬೊಳ್ಳಿಯ ಹಿಂಗಾಲು ಮೆಟ್ಟಿನಿಂದ ಜಾರಿತು. ಹೊಟ್ಟೆಯೊಳಗಿನ ಕರುವಿನದ್ದೂ ಸೇರಿ ಭಾರವೆಲ್ಲ ಆ ಒಂದು ಹಗ್ಗದ ಮೇಲೆ ಬಿತ್ತು. ಶೆಟ್ಟರು ಚೂರಿ ಹಿಡಿದು ಕೈಗೆ ಸಿಕ್ಕಿದಲ್ಲಿ ಕೊಯ್ದರು. ಅವರೇ ಮಸೆದು ಕನ್ನಡಿ ಮಾಡಿದ್ದ ನುಣ್ಣನೆಯ ಅಲಗು ಒದ್ದೆ ನೈಲಾನಿನ ಮೇಲೆ ಜಾರುತ್ತಿತ್ತು. ಅಳುತ್ತ, ದೇವರನ್ನು ಕರೆಯುತ್ತ, ಶೋಧನನ ಹಲ್ಲಿನ ಬ್ಲೇಡನ್ನು ನೆನೆಯುತ್ತ ಕೊಯ್ದರು. ಹಗ್ಗ ಕಡಿದು ಬೊಳ್ಳಿ ಕೆಳಗೆ ಬಿದ್ದಾಗ ಕಣ್ಣು ತೆರೆದೇ ಇತ್ತು. ಉಸಿರು ಇರಲಿಲ್ಲ.

ತೋಟದ ಮೂಲೆಯಲ್ಲಿ ಜೆಸಿಬಿ ತರಿಸಿ ಹೊಂಡ ತೋಡಿಸಿ ಹುಗಿದರು. ಉಮ್ಮರನೂ ಬಂದು ಗುದ್ದಲಿ ಹಿಡಿದು ಮಣ್ಣು ಎಳೆದ. ಜಲಜಾಕ್ಷಿ ತನ್ನ ಹಳೇ ಸೀರೆಯೊಂದನ್ನು ತಂದು ಬೊಳ್ಳಿಗೆ ಹೊದೆಸಿದಳು.

ಅವಳು ಬೈದಿದ್ದರೆ ಶೆಟ್ಟರು ಬದುಕಿಕೊಳ್ಳುತ್ತಿದ್ದರೋ ಏನೋ. ಬೈಯಲಿ, ಶಾಪ ಹಾಕಲಿ, ತವರಿಗೆ ಹೋಗುತ್ತೇನೆ ಎನ್ನಲಿ ಎಂದು ಕಾದರು. ಅವಳು ಊಟ ಬಡಿಸಿದಳು, ಖಾಲಿ ಹಟ್ಟಿ ಗುಡಿಸಿದಳು, ಮಗಳ ಫೋನು ಬಂದಾಗ ಎದ್ದು ಹಿತ್ತಿಲಿಗೆ ಹೋದಳು. ಹೇಳುವ ಕೆಲಸ ಶೆಟ್ಟರ ಪಾಲಿಗೆ ಬಂತು. "ನಾನೇ ಕೊಂದೆ, ಮಗಾ" ಅಂದರು. ಆಚೆಯಿಂದ ಅಳುವೇ ಕೇಳಿತು.

ಚೂರಿ ಕಿಟಕಿಯ ದಂಡೆಯ ಮೇಲೆ ತೆರೆದೇ ಬಿದ್ದಿತ್ತು. ಜಲಜಾಕ್ಷಿಗೆ ಮಡಚಲು ಗೊತ್ತಿಲ್ಲ, ಶೆಟ್ಟರಿಗೆ ಮುಟ್ಟಲು ಮನಸ್ಸಿಲ್ಲ. ಒಂದು ಬೆಳಿಗ್ಗೆ ಅವಳು ಅದನ್ನು ತಂದು ಅವರ ಎದುರು ನೆಲದ ಮೇಲಿಟ್ಟು ಕುಳಿತಳು. ತುಟಿಯ ಗಾಯ ಇನ್ನೂ ಒಣಗಿರಲಿಲ್ಲ.

"ಇದನ್ನು ಮಡಚುವುದು ಹೇಗೆ, ತೆರೆಯುವುದು ಹೇಗೆ, ತೋರಿಸಿ."

"ಇನ್ನು ಯಾಕೆ ಜಲಜಾ?" ಎಂದರು ಶೆಟ್ಟರು. "ಹೊಳೆಗೆ ಬಿಸಾಡ್ತೇನೆ ಇದನ್ನು."

"ನಾಳೆ ನೀವೇ ಎಲ್ಲಿಯಾದರೂ ಸಿಕ್ಕಿಬಿದ್ದರೆ? ಬಿಡಿಸಲಿಕ್ಕೆ ನಾನೇ ಅಲ್ವಾ ಬರಬೇಕಾದದ್ದು?"

ಶೆಟ್ಟರು ಅತ್ತರು, ಹೆಂಡತಿಯ ಎದುರು ಮೊದಲ ಸಲ. ಅಳುತ್ತಲೇ ಚೂರಿ ಎತ್ತಿದರು, ತಗಡನ್ನು ಬದಿಗೊತ್ತಿ ಮಡಚಿ ತೋರಿಸಿದರು, ಉಗುರು ಹಾಕಿ ತೆರೆದು ತೋರಿಸಿದರು. "ಈಗ ನೀನು ಮಾಡು" ಎಂದು ಅಲಗನ್ನು ತಾವು ಹಿಡಿದು, ಹಿಡಿಯನ್ನು ಅವಳ ಕಡೆಗೆ ತಿರುಗಿಸಿ ಕೈಗೇ ಚಾಚಿದರು.

ಜಲಜಾಕ್ಷಿ ಕೈ ಮುಂದೆ ತಂದವಳು ಹಿಂದಕ್ಕೆ ತೆಗೆದುಕೊಂಡಳು.

"ಕೆಳಗಿಡಿ" ಅಂದಳು.

ಶೆಟ್ಟರು ಕೆಳಗಿಟ್ಟರು.