ಟಿಬ್ಬಿಟ್ ರಾಯರ ಮೂರನೆಯ ಚರಣ

ಈಸ್ಟರ್ ಕಳೆದ ಮಾರನೆಯ ವಾರ ಹೆಪ್ಸಿ ಶಟಲ್‌ವರ್ತ್ ಹಾಡಲು ಶುರುಮಾಡಿದಳು.

ಎಪ್ಪತ್ತೈದರ ಮುದುಕಿ. ಹಿಂದಿನ ಚಳಿಗಾಲ ಪಾರ್ಶ್ವವಾಯು ಬಡಿದು ಒಂದು ಕೈ, ಒಂದು ಕಾಲು ಬಿದ್ದುಹೋಗಿದ್ದವು, ಮಾತೂ ಮುಕ್ಕಾಲು ಪಾಲು ಹೋಗಿತ್ತು. ನೀರು ಬೇಕೆಂದರೆ ‘ನೀ... ನೀ...’ ಎಂದು ಒದ್ದಾಡುವವಳು, ಹಾಡನ್ನು ಮಾತ್ರ ಒಂದಕ್ಷರ ತೊದಲದೆ ಹಾಡಿದಳು. ಅಡುಗೆಮನೆಯಲ್ಲಿ ಆಲೂಗಡ್ಡೆ ಹೆರೆಯುತ್ತಿದ್ದ ಮಗಳು ಎನಿಡ್ ಚಾಕು ಹಿಡಿದುಕೊಂಡೇ ಓಡಿಬಂದಳು.

*ಬಾಣಲೆಯಲ್ಲಿ ಮೀನು ಬೆಂತು, ಚಹಾ ಆರಿತು,*
*ಮೇಲಿನ ಕೋಣೆ ಬಾಗಿಲು ಮಾತ್ರ ಮುಚ್ಚೇ ಕೂತಿತು.*
*ಇಳಿದು ಬನ್ನಿ ಟಿಬ್ಬಿಟ್ ರಾಯರೇ, ಇಳಿದು ಬನ್ನಿ ಕೆಳಗೆ,*
*ಬೆಕ್ಕು ಬಂದು ಕೂತಾಯ್ತು ನೋಡಿ ನಿಮ್ಮ ಮೀನಿನ ಬಳಿಗೆ!*

ಎನಿಡ್‌ಗೆ ನಗು ಬಂತು. ಸ್ಕೂಲಿನ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳು, ಮದುವೆಯಾಗದೆ ನಲವತ್ತೆಂಟು ವರ್ಷ ತಾಯಿಯ ಜೊತೆಗೇ ಇದ್ದವಳು. ತಾಯಿಯ ಬಾಯಲ್ಲಿ ಚರ್ಚಿನ ಹಾಡು ಬಿಟ್ಟರೆ ಬೇರೆ ಕೇಳಿದವಳಲ್ಲ. ರೇಡಿಯೋದಲ್ಲಿ ಯಾರಾದರೂ ಜೋಕು ಹೊಡೆದರೆ ಎದ್ದುಹೋಗಿ ಆರಿಸುತ್ತಿದ್ದ ಹೆಂಗಸು ಇವಳು.

ಎರಡನೆಯ ಚರಣದಲ್ಲಿ ಮದುವಣಗಿತ್ತಿ ಚರ್ಚಿನಲ್ಲಿ ಕಾದು ನಿಂತಳು, ಟಿಬ್ಬಿಟ್ ರಾಯರು ಆಗಲೂ ಇಳಿಯಲಿಲ್ಲ. ಅಲ್ಲಿಗೆ ಹೆಪ್ಸಿ ಗಕ್ಕನೆ ನಿಂತಳು. ಕತ್ತೆತ್ತಿ ಸೂರಿನ ಮೂಲೆ ನೋಡಿದಳು. ಆಮೇಲೆ ಮಗಳ ಮಣಿಕಟ್ಟು ಹಿಡಿದು, “ಮುಂ... ಮುಂದಿಂದು?” ಎಂದಳು.

“ನಂಗೇನು ಗೊತ್ತಮ್ಮಾ? ಈ ಹಾಡು ಕೇಳಿದ್ದೇ ಇವತ್ತು.”

“ಮುಂದಿಂದು,” ಎಂದಳು ಹೆಪ್ಸಿ. ಕಣ್ಣಿನಲ್ಲಿ ಹೆದರಿಕೆಯಿತ್ತು.

ಅಂದಿನಿಂದ ದಿನಕ್ಕೆ ಹತ್ತು ಸಲ, ಅದೇ ಎರಡು ಚರಣ, ಅದೇ ಪ್ರಶ್ನೆ. ಊಟ ಸೇರದು, ನಿದ್ದೆ ಹತ್ತದು. ಮೂರನೆಯ ವಾರಕ್ಕೆ ಎನಿಡ್ ಸೋತು, ತಾಯಿಯ ಬಾಯಿಂದ ತುಂಡುತುಂಡಾಗಿ ಹೊರಟ ಹೆಸರುಗಳನ್ನು ಕೂಡಿಸಿಕೊಂಡು, ತಮ್ಮೂರು ಆಕ್ಲಿಬೂತಿನ ವಾರಪತ್ರಿಕೆಗೊಂದು ಕಾಗದ ಬರೆದಳು: ಹಳೆಯ ಗೇಯಟಿ ಥಿಯೇಟರಿನಲ್ಲಿ ಲೆಮ್ ಟನ್ನಿಕ್ಲಿಫ್ ಎಂಬ ವಿದೂಷಕ ಹಾಡುತ್ತಿದ್ದ ಟಿಬ್ಬಿಟ್ ರಾಯರ ಹಾಡು ಯಾರಿಗಾದರೂ ಪೂರ್ತಿ ಗೊತ್ತಿದೆಯೇ?

ಹನ್ನೊಂದು ಕಾಗದ ಬಂದವು. ಹನ್ನೊಂದರಲ್ಲೂ ಎರಡೇ ಚರಣ. ಮೂರನೆಯದೊಂದಿತ್ತು ಎಂದು ಎಲ್ಲರೂ ಬರೆದಿದ್ದರು, ಅದೇನೆಂದು ಒಬ್ಬರೂ ಬರೆದಿರಲಿಲ್ಲ. ಎನಿಡ್ ಇಬ್ಬರ ಮನೆಗೆ ಹೋಗಿಯೂ ಬಂದಳು. ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ಮೇಜು ತಟ್ಟಿಕೊಂಡು ಖುಷಿಯಾಗಿ ಹಾಡುತ್ತ ಬಂದವರು, ಎರಡನೆಯ ‘ಇಳಿದು ಬನ್ನಿ’ ಮುಗಿದದ್ದೇ ತಡ ಸೂರಿನ ಮೂಲೆ ನೋಡಿ, “ಬಿಸ್ಕತ್ತು ತಗೊಳಮ್ಮ,” ಎಂದರು. ಮೂರು ಬೀದಿಯಾಚೆ, ಅವರ ಪರಿಚಯವೇ ಇಲ್ಲದ ಒಬ್ಬ ಮುದುಕಿಯೂ ಅಲ್ಲಿಗೇ ನಿಂತು, ಅದೇ ಮೂಲೆಯತ್ತ ಕತ್ತೆತ್ತಿದಳು. ಹೊರಗೆ ಬಂದಾಗ ಎನಿಡ್‌ಗೆ ಬಿಸಿಲಲ್ಲೂ ಚಳಿಯಾಯಿತು.

ಗೇಯಟಿ ಆಗಲೇ ಬಿಂಗೋ ಹಾಲ್ ಆಗಿ ಎಂಟು ವರ್ಷವಾಗಿತ್ತು. ಅಲ್ಲಿ ನೆಲ ಒರೆಸುವ ಮೇವಿಸ್ ಡಕ್‌ವರ್ತ್ ಎನಿಡ್‌ಳ ಬಾಲ್ಯದ ಗೆಳತಿ. ಹಳೆಯ ಕಾಗದಪತ್ರವೇನಾದರೂ ಉಳಿದಿದೆಯೋ ಎಂದು ಎನಿಡ್ ಒಂದು ಬೆಳಿಗ್ಗೆ ಹೋದಳು.

“ಏನೂ ಇಲ್ವೇ. ಮೇಲಿನ ಗ್ಯಾಲರಿಗಂತೂ ಹಲಗೆ ಹೊಡೆದು ಮುಚ್ಚಿ ಯಾವ ಕಾಲ ಆಯ್ತೋ,” ಎಂದಳು ಮೇವಿಸ್. “ಅದೇನು ಅಂಥ ಹಾಡು? ಹಾಡೇ, ಕೇಳೋಣ.”

ಖಾಲಿ ಕುರ್ಚಿಗಳ ನಡುವೆ ನಿಂತು ಎನಿಡ್ ಸಣ್ಣ ದನಿಯಲ್ಲಿ ಹಾಡಿದಳು. ‘ಇಳಿದು ಬನ್ನಿ ಟಿಬ್ಬಿಟ್ ರಾಯರೇ, ಇಳಿದು ಬನ್ನಿ ಕೆಳಗೆ.’

ತಲೆಯ ಮೇಲೆ, ಆ ಮುಚ್ಚಿದ ಹಲಗೆಗಳ ಹಿಂದೆ, ಬೆಂಚೊಂದು ಕಿರುಗುಟ್ಟಿತು. ಭಾರವಾದ ಆಳೊಬ್ಬ ಕೂತಲ್ಲಿಂದ ಮೆಲ್ಲನೆ ಎದ್ದುನಿಂತರೆ ಹೇಗೋ ಹಾಗೆ.

ಮೇವಿಸಳ ಕೈಯಲ್ಲಿದ್ದ ಒರೆಸುವ ಕೋಲು ನಿಂತುಬಿಟ್ಟಿತು. “ಪಾರಿವಾಳ,” ಎಂದಳು. ಬಕೆಟ್ಟು ಎತ್ತಿಕೊಂಡು, “ನೀನಿನ್ನು ಹೊರಡೇ, ನಂಗೆ ಕೆಲಸ ಇದೆ,” ಎಂದಳು.

ಹನ್ನೆರಡನೆಯ ಕಾಗದ ಬಂದದ್ದು ಆ ವಾರವೇ. ನಡುಗುವ ಅಕ್ಷರ: ‘ಮೂರನೆಯ ಚರಣ ನನಗೆ ಗೊತ್ತು. ಬರೆಯಲಾರೆ. ಬನ್ನಿ. — ಸೆಪ್ಟಿಮಸ್ ಗ್ರೈಮ್‌ಷಾ.’

ಸೆಪ್ಟಿಮಸ್ ಊರಾಚೆ ಮಹಡಿಯಿಲ್ಲದ ಒಂದು ಮನೆಯಲ್ಲಿದ್ದ. ವಯಸ್ಸು ಎಪ್ಪತ್ತೆಂಟಾದರೂ ಬೆನ್ನು ನೆಟ್ಟಗಿತ್ತು. ಕಿಟಕಿಯ ಪರದೆಗಳನ್ನೆಲ್ಲ ಅರ್ಧ ಎಳೆದಿದ್ದ.

“ನಾನು ಗೇಯಟಿಯಲ್ಲಿ ಬೆಳಕು ಬಿಡ್ತಿದ್ದೆ ಕಣಮ್ಮಾ,” ಎಂದ. “ಗ್ಯಾಲರಿ ಎತ್ತರಕ್ಕೆ ಪಕ್ಕದಲ್ಲೊಂದು ಗೂಡು, ಅಲ್ಲಿಂದ. ದೀಪದ ವೃತ್ತ ಹಾಡೋರ ಮೇಲೇ ಇರಬೇಕು. ಸಾವಿರದೊಂಬೈನೂರ ಹನ್ನೊಂದು, ಮಾರ್ಚ್ ತಿಂಗಳು, ಶನಿವಾರ ಮಧ್ಯಾಹ್ನದ ಆಟ. ಲೆಮ್ ಹೊಸ ತಮಾಷೆ ಯೋಚಿಸಿದ್ದ. ಮೂರನೇ ಚರಣದಲ್ಲಿ ರಾಯರು ಕಿಟಕಿಯಿಂದ ಹಾರಿ ಮಾಡು ಹತ್ತಿ ಕೂತಿರ್ತಾರೆ. ಲೆಮ್ ‘ಅಗೋ ಅಲ್ಲಿ!’ ಅಂತಾನೆ. ನಾನು ಬೆಳಕು ತಿರುಗಿಸಿ ಗ್ಯಾಲರಿಯಲ್ಲಿ ಯಾವನಾದರೂ ಒಬ್ಬನ ಮೇಲೆ ಬಿಡಬೇಕು. ಅವನೇ ಟಿಬ್ಬಿಟ್ ರಾಯ. ಜನ ನಗ್ತಾರೆ.”

“ಬಿಟ್ರಾ?”

“ಬಿಟ್ಟೆ. ಮುಂದಿನ ಬೆಂಚಲ್ಲಿ ಒಬ್ಬನೇ ಒಬ್ಬ ನಗದೆ ಕೂತಿದ್ದ. ಇವನನ್ನ ನಗಿಸೋಣ ಅಂತ ಅವನ ಮೇಲೇ ಬಿಟ್ಟೆ.” ಸೆಪ್ಟಿಮಸ್ ತನ್ನ ಅಂಗೈಯನ್ನೇ ನೋಡಿಕೊಂಡ. “ಆಮೋಸ್ ರಾಥ್‌ಮೆಲ್ ಅಂತ, ಬಣ್ಣದ ಕಾರ್ಖಾನೆಯವ. ಹೆಂಡತೀನ ಮಣ್ಣು ಮಾಡಿ ಐದು ದಿನ ಆಗಿತ್ತಂತೆ. ಸ್ವಲ್ಪ ನಗಲಿ ಅಂತ ಗೆಳೆಯರು ಎಳ್ಕೊಂಡು ಬಂದಿದ್ರು. ನಂಗೆ ಗೊತ್ತಾಗಿದ್ದು ಆಮೇಲೆ, ಪಂಚನಾಮೆಯಲ್ಲಿ. ಬೆಳಕು ಬಿದ್ದದ್ದೇ ಅವನ ಮುಖ ಅರಳ್ತು ನೋಡು. ಯಾರೋ ಬೇಕಾದೋರು ಹೆಸರು ಹಿಡಿದು ಕರೆದ್ರೆ ಅರಳೋದಿಲ್ವಾ, ಹಾಗೆ.”

“ಆಮೇಲೆ?”

“ಆ ಚರಣದ ಕೊನೆಗೆ ಪಲ್ಲವಿ ಬೇರೆ ಇತ್ತಮ್ಮಾ. ‘ಇಳಿದು ಬನ್ನಿ’ ಅಲ್ಲ, ‘ಇಳಿಯಬೇಡಿ’ ಅಂತ. ಜನಕ್ಕೇನು ಗೊತ್ತು, ಮೊದಲ ಸಲ ಕೇಳ್ತಿರೋದು. ಲೆಮ್ ಬಾಯಿ ತೆರೆಯೋದರೊಳಗೆ ಸಾವಿರದಿನ್ನೂರು ಜನ ಒಟ್ಟಿಗೆ ಕೂಗಿದ್ರು, ‘ಇಳಿದು ಬನ್ನಿ ಕೆಳಗೆ!’ ಅವನು ಪಕ್ಕದ ಹುಡುಗೀನ ಏನೋ ಕೇಳಿದ, ಅವಳೇನೋ ಅಂದ್ಳು. ಎದ್ದ. ಗ್ಯಾಲರಿ ಅಂಚಿನ ಕಟಕಟೆ ದಾಟಿದ. ಮೆಟ್ಟಿಲು ಇಳಿಯೋರ ಹಾಗೆ ಬರೀ ಗಾಳಿಗೆ ಕಾಲಿಟ್ಟ.”

ಅವನು ಎದ್ದು ಅರ್ಧ ಎಳೆದಿದ್ದ ಪರದೆಯನ್ನು ಪೂರ್ತಿ ಎಳೆದ.

“ಜನ ನಕ್ಕರು,” ಎಂದ ಸೆಪ್ಟಿಮಸ್. “ಆಟದ ಭಾಗ ಅಂದ್ಕೊಂಡು, ಪೂರಾ ಒಂದು ನಿಮಿಷ, ಹೊಟ್ಟೆ ಹಿಡ್ಕೊಂಡು ನಕ್ಕರು. ಅದಕ್ಕೇ ಈ ಊರಲ್ಲಿ ಯಾರಿಗೂ ಆ ಚರಣ ನೆನಪಿಲ್ಲ.”

ಹೊರಡುವಾಗ ಅವನು ಆ ಸಾಲುಗಳನ್ನು ಹಾಡದೆ, ಪಾಠ ಒಪ್ಪಿಸುವವನಂತೆ ಹೇಳಿದ. ಎನಿಡ್ ಬರೆದುಕೊಂಡಳು.

ಮನೆಗೆ ಬಂದು ತಾಯಿಯ ಮಂಚದ ಬಳಿ ಕೂತು, “ಅಮ್ಮಾ, ಆವತ್ತು ನೀನು ಗ್ಯಾಲರಿಯಲ್ಲಿದ್ಯಾ?” ಎಂದಳು.

ಹೆಪ್ಸಿಗೆ ಮಾತು ಕೂಡಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು. “ಪಕ್ಕ... ನನ್ನ ಪಕ್ಕ. ಕೇಳಿದ. ‘ನನ್ನನ್ನೇ... ಕರೀತಿದ್ದಾರಾ?’ ಅಂತ.” ಮಗಳ ಮಣಿಕಟ್ಟು ಹಿಡಿದಳು. “ನಾನು... ನಗ್ತಾ... ‘ಹೂಂ ಕಣ್ರೀ... ಹೋಗಿ’ ಅಂದೆ.”

ಆಗವಳಿಗೆ ಹದಿನೇಳು. ಐವತ್ತೆಂಟು ವರ್ಷ ಆ ಮಾತನ್ನು ಗಂಡನಿಗೆ ಹೇಳಿರಲಿಲ್ಲ, ಪಾದ್ರಿಗೆ ಹೇಳಿರಲಿಲ್ಲ. ಎನಿಡ್ ತಾಯಿಯ ತಲೆ ನೇವರಿಸಿದಳು. ಆಮೇಲೆ ಜೇಬಿನಿಂದ ಚೀಟಿ ತೆಗೆದು ಓದಲು ಹೋದರೆ ಹೆಪ್ಸಿ ಕೈ ಅಡ್ಡ ಹಿಡಿದಳು. “ಇಲ್ಲಿ ಬೇಡ... ಅಲ್ಲಿ.”

ಮಂಗಳವಾರ ಹತ್ತೂವರೆಗೆ ಮೇವಿಸ್ ಗೊಣಗುತ್ತಲೇ ಪಕ್ಕದ ಬಾಗಿಲು ತೆರೆದಳು. “ಮ್ಯಾನೇಜರ್ ಕಣ್ಣಿಗೆ ಬಿದ್ರೆ ನನ್ನ ಕೆಲಸ ಹೋಗತ್ತೆ ಕಣೇ, ಬೇಗ ಮುಗಿಸು.” ಅಷ್ಟೆಂದವಳು ಹೊರಗೆ ಹೋಗದೆ ಕಂಬ ಹಿಡಿದು ನಿಂತಳು. ಎನಿಡ್ ಗಾಲಿಕುರ್ಚಿಯನ್ನು ಹಾಲಿನ ನಟ್ಟನಡುವೆ ತಂದು ನಿಲ್ಲಿಸಿದಳು.

ಹೆಪ್ಸಿ ಕತ್ತೆತ್ತಿ ಮೊದಲಿನಿಂದ ಹಾಡಿದಳು. ಮೀನು, ಬೆಕ್ಕು, ಚರ್ಚಿನಲ್ಲಿ ಕಾದ ಹೆಣ್ಣು. ಎರಡನೆಯ ‘ಇಳಿದು ಬನ್ನಿ’ಗೆ ಮೇಲೆ ಬೆಂಚು ಕಿರುಗುಟ್ಟಿತು. ಒಂದು ಹೆಜ್ಜೆ. ಇನ್ನೊಂದು. ಹಲಗೆಗಳ ಸಂದಿಯಿಂದ ಧೂಳು ಸಣ್ಣಗೆ ಉದುರಿತು. ಮೇವಿಸ್ ಶಿಲುಬೆಯ ಗುರುತು ಮಾಡಿಕೊಂಡಳು.

ಎನಿಡ್ ಚೀಟಿ ನೋಡಿ ಒಂದೊಂದೇ ಸಾಲು ಹೇಳಿಕೊಟ್ಟಳು, ತಾಯಿ ಹಾಡಿದಳು.

*ಏಣಿ ಹಾಕಿ ಹತ್ತಿ ನೋಡ್ದೆ, ಕಿಟಕಿ ತೆರೆದಿತ್ತು,*
*ಕೋಟು ಗೂಟದಲ್ಲೇ ಇತ್ತು, ಕೋಣೆ ಬರಿದಿತ್ತು.*

ಹೆಜ್ಜೆ ಕಟಕಟೆಯವರೆಗೆ ಬಂದು ನಿಂತಿತು. ಹೆಪ್ಸಿಗೆ ಈಗ ಹೇಳಿಕೊಡಬೇಕಾಗಲಿಲ್ಲ. ಸ್ವಾಧೀನದಲ್ಲಿದ್ದ ಒಂದು ಕೈಯನ್ನು ಮೇಲೆತ್ತಿ, ಮಗುವನ್ನು ತಡೆಯುವಂತೆ ಅಂಗೈ ಬಿಡಿಸಿ, ಕೊನೆಯ ಸಾಲುಗಳನ್ನು ಎನಿಡ್‌ಗಿಂತ ಮೊದಲೇ ಹಾಡಿದಳು. ಅವಳೆಂದೂ ಕೇಳಿರದ ಸಾಲುಗಳು ಅವು.

*ಅಲ್ಲೇ ಕೂರಿ ಟಿಬ್ಬಿಟ್ ರಾಯರೇ, ಇಳಿಯಬೇಡಿ ಕೆಳಗೆ,*
*ಚಹಾ ನಾನೇ ಹೊತ್ತು ತರುವೆ ನೀವು ಕೂತ ಬಳಿಗೆ.*

ಬಹಳ ಹೊತ್ತು ಏನೂ ಇಲ್ಲ. ಬೀದಿಯಲ್ಲಿ ಬಸ್ಸೊಂದು ಹೋಯಿತು. ಆಮೇಲೆ ಹೆಜ್ಜೆಗಳು ಹಿಂದಕ್ಕೆ ಸರಿದವು. ಬೆಂಚು ಮತ್ತೊಮ್ಮೆ, ಭಾರ ಹೊತ್ತುಕೊಂಡು, ಕಿರುಗುಟ್ಟಿತು.

“ಕೂತ್ಕೊಂಡ,” ಎಂದಳು ಹೆಪ್ಸಿ, ತೊದಲದೆ.

ಆ ರಾತ್ರಿ ಅವಳು ಎರಡು ಬಟ್ಟಲು ಸೂಪು ಕುಡಿದು ಮಲಗಿದಳು. ಹಾಡನ್ನು ಮತ್ತೆ ಹಾಡಲಿಲ್ಲ, ‘ಮುಂದಿಂದು?’ ಎಂದು ಕೇಳಲೂ ಇಲ್ಲ. ನವೆಂಬರಿನಲ್ಲಿ, ನಿದ್ದೆಯಲ್ಲೇ, ಹೋದಳು.

ಮಣ್ಣು ಮಾಡಿದ ಮೇಲೆ ಎನಿಡ್ ಮೂರೂ ಚರಣಗಳನ್ನು ಪತ್ರಿಕೆಗೆ ಕಳಿಸಿದಳು. ಕೊನೆಗೆ ಒಂದೇ ಸಾಲು ಸೇರಿಸಿದ್ದಳು: ‘ಆಮೋಸ್ ರಾಥ್‌ಮೆಲ್, ಮಾರ್ಚ್ 1911.’ ಸಂಪಾದಕರು ಫೋನ್ ಮಾಡಿ, “ಹಾಡು ಬರೆದವರಾ ಇವರು?” ಎಂದು ಕೇಳಿದರು. “ಅಲ್ಲ. ಆದ್ರೂ ಹೆಸರು ಹಾಕಿ,” ಎಂದಳು. ಹಾಕಿದರು.

ಪತ್ರಿಕೆ ಬಂದ ವಾರದ ಭಾನುವಾರ ಅವಳು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ, ಪಾಚಿ ಹಿಡಿದ ಸಾಲುಗಳಲ್ಲಿ ಅರ್ಧ ತಾಸು ಹುಡುಕಿ ರಾಥ್‌ಮೆಲ್ ದಂಪತಿಯ ಕಲ್ಲು ಕಂಡುಹಿಡಿದಳು. ಅದರ ಬುಡದಲ್ಲಿ ಆಗಲೇ ಹೂವಿನ ಏಳೆಂಟು ಕಟ್ಟುಗಳಿದ್ದವು. ಒಂದಕ್ಕೂ ಚೀಟಿ ಕಟ್ಟಿರಲಿಲ್ಲ. ತನ್ನದನ್ನೂ ಇಟ್ಟು ಇಳಿದು ಬರುವಾಗ ಗೇಟಿನ ಬಳಿ ಮೇವಿಸ್ ಎದುರಾದಳು, ಬೆನ್ನ ಹಿಂದೆ ಸೇವಂತಿಗೆ ಬಚ್ಚಿಟ್ಟುಕೊಂಡು.

“ಅಮ್ಮನ ಸಮಾಧಿಗೆ ಬಂದೆ ಕಣೇ,” ಎಂದಳು.

ಮೇವಿಸಳ ಅಮ್ಮನನ್ನು ಹೂಳಿದ್ದು ಬ್ಲ್ಯಾಕ್‌ಪೂಲಿನಲ್ಲಿ. ಎನಿಡ್ ಹೂಂಗುಟ್ಟಿ, ದಾರಿ ಬಿಟ್ಟು ನಿಂತಳು.