ಚರಂಡಿ ನೀರಿನ ಹರಿವೆ

ವಾಸನೆ ಎಲ್ಲಿ ಹೋಯಿತು — ಸೊಪ್ಪಿನ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡೇ ಗುಡ್ಡಮ್ಮ ಚರಂಡಿಯ ಮೇಲೆ ಬಗ್ಗಿ ಮೂಗೆಳೆದಳು, ಏನೂ ಇಲ್ಲ, ದಿನಾ ಕೋಳಿಗಿಂತ ಮುಂಚೆ ಅವಳನ್ನು ಎಬ್ಬಿಸುತ್ತಿದ್ದ ವಾಸನೆ, ಉಳವಿ ಬಸ್ಸಿನಲ್ಲಿ ತೂಕಡಿಸುವವರೂ ಊರು ಬಂತು ಅಂತ ಎದ್ದು ಗಂಟು ಹುಡುಕುತ್ತಿದ್ದ ವಾಸನೆ, ಈಗ ಬರೀ ಬಿರಿದ ಕೆಸರು, ನೀರನ್ನೆಲ್ಲ ಪ್ರಸಿಡೆಂಟು ಗಣಪಯ್ಯ ತಿರುಗಿಸಿಕೊಂಡು ಹೋಗಿದ್ದಾನೆ, ಕೆರೆ ದಂಡೆಯಲ್ಲಿ ಮೂರು ಸಿಮೆಂಟಿನ ತೊಟ್ಟಿ ಕಟ್ಟಿಸಿದ್ದಾನಲ್ಲ ಮಹರಾಯ, ಮೊದಲನೆಯದರಲ್ಲಿ ಊರ ಹೊಲಸು ತಳಕ್ಕೆ ಕೂರುತ್ತದಂತೆ, ಎರಡನೆಯದರಲ್ಲಿ ಜಲ್ಲಿ ಮರಳು ಸೋಸುತ್ತವಂತೆ, ಮೂರನೆಯದರಿಂದ ಸಾಕ್ಷಾತ್ ಗಂಗೆಯೇ ಇಳಿದು ಬಂದು ಕೆರೆ ಸೇರುತ್ತಾಳಂತೆ, ಥೂ, ಹಾಗಾದರೆ ಅವನನ್ನೇ ಒಮ್ಮೆ ಮೂರರಲ್ಲೂ ಅದ್ದಿ ತೆಗೆಯಬೇಕು — ಇತ್ತ ಅವಳ ಹರಿವೆ ಮಡಿಗಳು ತಲೆ ಬಾಗಿಸಿವೆ, ಗಂಡ ರಾಮಪ್ಪ ಸಾಯುವ ಮುಂಚೆ ಚರಂಡಿಯಿಂದ ಕಾಲುವೆ ಕಡಿದು ಮಾಡಿಕೊಟ್ಟ ಮಡಿಗಳು, ಅದೇ ಗದ್ದೆ, ಅದೇ ಅನ್ನ, ಊರ ಹೊಲಸು ಕುಡಿದು ಬೆಳೆದ ಹರಿವೆ ಅಂದರೆ ಒಂದೊಂದು ಎಲೆ ಹಾಸಿಕೊಂಡು ಮಲಗಬಹುದು, ಶಿರಾಳಕೊಪ್ಪದ ಸಂತೆಯಲ್ಲಿ ಇಂಥ ದಂಟು ಕಂಡವನು ಹುಟ್ಟೇ ಇಲ್ಲ.

ಸೋಮವಾರ ತೊಟ್ಟಿ ಶುರು ಮಾಡುವಾಗ ಬಾಯಿ ಮುಚ್ಚಿಕೊಂಡಿರಬೇಕಿತ್ತೋ ಏನೋ, ಆದರೆ ಆ ಠೀವಿ ಕಂಡರೆ ಯಾರ ನಾಲಿಗೆ ಸುಮ್ಮನಿರುತ್ತದೆ, ಗಣಪಯ್ಯ ಮೂರನೆಯ ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ಎತ್ತಿ ಹಿಡಿದು, ನೋಡಿ, ಎಳನೀರಿದ್ದ ಹಾಗಿದೆ, ಅಂದ, ಎಳನೀರಾದ್ರೆ ಒಂದು ಗುಟುಕು ಕುಡೀರಿ ಸ್ವಾಮಿ, ನಾವೂ ನೋಡಣ, ಅಂದುಬಿಟ್ಟಳು ಇವಳು, ಊರೇ ನಕ್ಕಿತು, ಕೆರೆಯ ಮೀನುಗಳೂ ನಕ್ಕವು, ಲೋಟ ಅವನ ಮೀಸೆಯ ತನಕ ಹೋಗಿ ಕೆಳಗಿಳಿಯಿತು, ಮುಖ ಕೆಂಪು ದಂಟಾಯಿತು, ನಗ್ತೀರಾ, ಈ ಮುದುಕಿ ಯಾವ ನೀರಲ್ಲಿ ಬೆಳೆದದ್ದು ನಿಮಗೆ ಮಾರ್ತಾಳೆ ಗೊತ್ತುಂಟಾ, ಇಷ್ಟು ವರ್ಷ ನೀವೆಲ್ಲ ತಿಂದದ್ದು ಇದನ್ನೇ, ಅಂತ ಮೊದಲ ತೊಟ್ಟಿಯತ್ತ ಕೈ ತೋರಿಸಿದ, ನಗು ನಿಂತಿತು, ಹೆಂಗಸರ ಸೆರಗುಗಳು ಒಂದೊಂದಾಗಿ ಮೂಗಿಗೆ ಹೋದವು — ಯಾಕ್ರೇ, ಇಷ್ಟು ದಿನ ಮೂಗು ಅಡ ಇಟ್ಟಿದ್ರೇನ್ರೇ, ಆ ಲೋಕಮ್ಮ, ಇನ್ನೊಂದು ಕಟ್ಟು ಕೊಸರು ಹಾಕಜ್ಜಿ ಅಂತ ಬುಟ್ಟಿಗೇ ಬೀಳುತ್ತಿದ್ದವಳು, ಅವಳ ಮೂಗಿನ ಮೇಲೂ ಸೆರಗು.

ಇವತ್ತು ಊರೆಲ್ಲ ಸುತ್ತಿದರೂ ಒಂದು ಕಟ್ಟು ಹೋಗಲಿಲ್ಲ, ಕೊನೆಗೆ ಗಣಪಯ್ಯನ ಹಿತ್ತಲ ಬಾಗಿಲು, ಇವಳ ಹರಿವೆ ಇಲ್ಲದಿದ್ದರೆ ನಮ್ಮನೆಯವರಿಗೆ ಊಟವೇ ಸೇರೂದಿಲ್ಲ ಅನ್ನುತ್ತಿದ್ದ ಅವನ ಹೆಂಡತಿ ವಾಗ್ದೇವಮ್ಮ, ಅಲ್ಲೇ ನಿಲ್ಲು ಗುಡ್ಡಮ್ಮಾ, ಇವತ್ತು ಬೇಡ ಮಾರಾಯ್ತಿ, ನಾಳಿಕ್ ತರ್ಲಾ ಅಮ್ಮಾ, ನಾಳೆಯೂ ಬೇಡ, ಮಾತೆಲ್ಲ ಸೆರಗಿನ ಒಳಗಿಂದಲೇ — ಹಾಳಾಗಿ ಹೋಗಿ, ನಿಮ್ಮ ಹೊಟ್ಟೆಯದೇ ಅಲ್ಲವಾ ಈ ಚರಂಡಿಗೆ ಬರುತ್ತಿದ್ದದ್ದು, ನಿಮಗೆ ಬೇಡದಿದ್ದರೆ ನಾನೇ ಉಣ್ಣುತ್ತೇನೆ, ಬುಟ್ಟಿಗೆ ಬುಟ್ಟಿ, ಬೀದಿಯಲ್ಲೇ ಬಾಳೆಲೆ ಹಾಸಿದ ಹಾಗೆ ಊರಿಗೆಲ್ಲ ಕಾಣುವಂತೆ ಉಣ್ಣುತ್ತೇನೆ, ಒಲೆ ಹೊತ್ತಿತು, ಸೊಪ್ಪು ಬೆಂದಿತು, ಬೆಳ್ಳುಳ್ಳಿ ಚಟಪಟ ಅಂದಿತು, ತನ್ನ ಮನೆ ಬಾಗಿಲಲ್ಲೇ ಗಂಗಾಳ ಇಟ್ಟುಕೊಂಡು ಕೂತಳು, ನೋಡ್ಕಳ್ರೇ, ಬಿಸಿ ಅನ್ನ, ಕೆಂಪು ಸಾರು, ಆವಿ, ತುತ್ತು ತುಟಿಯ ತನಕ ಬಂದು — ಈ ವಾಸನೆ ಎಲ್ಲಿಂದ ಬಂತು, ಒಣಗಿದ ಚರಂಡಿಯಲ್ಲಿ ಇಲ್ಲದ್ದು ಗಂಗಾಳದಲ್ಲಿ — ತುತ್ತು ಅಲ್ಲೇ ನಿಂತಿತು, ಎಡಗೈ ಯಾವಾಗ ಎದ್ದಿತೋ, ಮೂಗಿನ ಮೇಲೆ ಸೆರಗು, ಅವಳದೇ ಸೆರಗು