ಬೀಗರ ಬೀಗ

ಬಸ್ ಡಿಪೋದ ಕಾಂಪೌಂಡಿಗೆ ಬೆನ್ನು ತಾಗಿಸಿಕೊಂಡಂತೆ ಒಂದು ಪುಟ್ಟ ಗ್ರಂಥಾಲಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವಳನ್ನು ಎಲ್ಲರೂ ಲೈಬ್ರರಿಯಮ್ಮ ಅನ್ನುತ್ತಿದ್ದರು. ಹಾಗಂದರೆ ತಲೆ ನರೆತ ಅಜ್ಜಿಯೊಬ್ಬಳು ಇರಬೇಕು ಅನ್ನಿಸುತ್ತಿತ್ತು. ಬಂದು ನೋಡಿದರೆ, ಮೆಟ್ಟಿಲನ್ನು ಎರಡೆರಡಾಗಿ ಹತ್ತುವ, ಶಾಲೆಗೆ ಹೋಗುವ ಮಗಳಿದ್ದ ಹೆಂಗಸು. ಗಂಡ ಅದೇ ಡಿಪೋದಲ್ಲಿ ಡ್ರೈವರು.

ಪ್ರತಿ ಶನಿವಾರ ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಅವಳು ‘ಮನೆಮಂದಿಯ ಓದು’ ನಡೆಸುತ್ತಿದ್ದಳು. ಅದಕ್ಕಿದ್ದದ್ದು ಒಂದೇ ನಿಯಮ: ಮಗು ಒಂಟಿಯಾಗಿ ಬರುವಂತಿಲ್ಲ, ದೊಡ್ಡವರೂ ಒಂಟಿಯಾಗಿ ಬರುವಂತಿಲ್ಲ. ಬರುತ್ತಿದ್ದವರು ಹೆಚ್ಚಾಗಿ ಡಿಪೋದವರೇ. ಓದು ಬಲ್ಲವರು ಮಕ್ಕಳಿಗೆ ಓದಿ ಹೇಳುತ್ತಿದ್ದರು. ಬಾರದವರಿಗೆ ಮಕ್ಕಳೇ ಓದಿ ಹೇಳುತ್ತಿದ್ದವು. ಹಾಗೆ ಕೇಳುತ್ತ ಕೇಳುತ್ತಲೇ ಬಸ್ಸು ತೊಳೆಯುವ ಹೆಂಗಸೊಬ್ಬಳು ಅಕ್ಷರಕ್ಕೆ ಅಕ್ಷರ ಕೂಡಿಸುವುದನ್ನು ಕಲಿತಿದ್ದಳು. ಆದರೆ ಬಾಯಿ ಬಿಟ್ಟು ಓದು ಅಂದರೆ ಮಾತ್ರ ಮಗಳ ಬೆನ್ನ ಹಿಂದೆ ಅಡಗಿಕೊಳ್ಳುತ್ತಿದ್ದಳು.

ಎಲ್ಲ ಸುಸೂತ್ರವಾಗಿ ನಡೆದಿರುವಾಗ ನಗರಾಡಳಿತದವರು ಕೈ ಎತ್ತಿಬಿಟ್ಟರು. ಪುಸ್ತಕಕ್ಕೆ ಕೊಡುತ್ತಿದ್ದ ಹಣ ನಿಂತಿತು. ಹಿಂದಿನ ಕೋಣೆಗೆ ತೆರಿಗೆ ಕಟ್ಟುವ ಕೌಂಟರ್ ಬಂತು.

“ಮಕ್ಕಳಿಗೆ ಶಾಲೆ ಇದೆಯಲ್ಲಮ್ಮ,” ಅಂದ ಅಧಿಕಾರಿ.

“ಅವರ ಅಪ್ಪ ಅಮ್ಮಂದಿರಿಗೆ ಯಾವ ಶಾಲೆ ಇದೆ ಸಾರ್?” ಅಂದಳು ಅವಳು.

ಅಧಿಕಾರಿ ಗಡಿಯಾರ ನೋಡಿಕೊಂಡ. ಅಲ್ಲಿಗೆ ಮಾತು ಮುಗಿಯಿತು.

ಲೈಬ್ರರಿಯಮ್ಮ ಸುಮ್ಮನೆ ಕೂರುವ ಪೈಕಿ ಅಲ್ಲ. ನೆರವು ಕೊಡುವ ಸಂಸ್ಥೆಗಳು ಎಲ್ಲೆಲ್ಲಿವೆಯೋ ಹುಡುಕಿ ಕಂಡಕಂಡವರಿಗೆಲ್ಲ ಬರೆದಳು, ಫೋನ್ ಮಾಡಿದಳು. ಕೊನೆಗೆ ಒಂದು ಟ್ರಸ್ಟಿನವರು ಒಪ್ಪಿದರು. ಪುಸ್ತಕ ಕೊಡುತ್ತೇವೆ, ಓದಿಸುವ ಸಹಾಯಕರಿಗೆ ಸಂಬಳ ಕೊಡುತ್ತೇವೆ, ಮೂರು ವರ್ಷ ಜೊತೆಗಿರುತ್ತೇವೆ. ಆದರೆ ಊರಿನ ಎರಡು ಸಂಸ್ಥೆಗಳು ನಿಮ್ಮ ಜೊತೆ ಕೈಜೋಡಿಸಬೇಕು, ಒಬ್ಬರು ಜಾಗ ಕೊಡಬೇಕು, ಇನ್ನೊಬ್ಬರು ಜನರನ್ನು ಕರೆತರಬೇಕು ಅಂದರು. ಬರುವ ಶನಿವಾರ ತಾವೇ ಬಂದು ನೋಡುವುದಾಗಿಯೂ ತಿಳಿಸಿದರು.

ಜಾಗ ಅಂದರೆ ಡಿಪೋದ ಸಿಬ್ಬಂದಿ ಹಾಲ್. ಜನ ಅಂದರೆ ಕಾರ್ಮಿಕರ ಸಂಘ. ಎರಡೂ ಕೈಗೆಟುಕುವಷ್ಟು ಹತ್ತಿರ. ತೊಡಕು ಇದ್ದದ್ದೂ ಅಲ್ಲೇ.

ಡಿಪೋದ ಮ್ಯಾನೇಜರ್ ಅವಳ ಅಪ್ಪ. ಸಂಘದ ಸೆಕ್ರೆಟರಿ ಅವಳ ಮಾವ. ಮದುವೆಯ ದಿನ ಈ ಇಬ್ಬರು ಬೀಗರು ಹೆಗಲ ಮೇಲೆ ಕೈ ಹಾಕಿಕೊಂಡು ಫೋಟೋ ತೆಗೆಸಿಕೊಂಡಿದ್ದರು. ಅದರ ಮರುವರ್ಷ ಮುಷ್ಕರ ಬಂತು. ಹಾಲಿನಲ್ಲಿ ಸಂಘದವರು ಸಭೆ ಮಾಡಬಾರದೆಂದು ಮ್ಯಾನೇಜರ್ ಬಾಗಿಲಿಗೆ ಬೀಗ ಜಡಿದರು. ನಮಗಿಲ್ಲದ ಹಾಲ್ ಯಾರಿಗೂ ಬೇಡವೆಂದು ಸೆಕ್ರೆಟರಿ ಅದರ ಪಕ್ಕದಲ್ಲೇ ಇನ್ನೊಂದು ಬೀಗ ಜಡಿದರು. ಮುಷ್ಕರ ಮುಗಿಯಿತು, ಸಂಬಳ ಏರಿತು, ಬಸ್ಸುಗಳು ಓಡಿದವು. ಬಾಗಿಲು ಮಾತ್ರ ತೆರೆಯಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಮಾತಾಡಿಸುವುದನ್ನೂ ಬಿಟ್ಟರು. ಡಿಪೋದವರು ಅದಕ್ಕೆ ‘ಬೀಗರ ಬೀಗ’ ಎಂದು ಹೆಸರಿಟ್ಟು ನಗುತ್ತಿದ್ದರು. ನಗು ಬರದಿದ್ದದ್ದು ಲೈಬ್ರರಿಯಮ್ಮನಿಗೊಬ್ಬಳಿಗೇ. ಅವಳ ಮಗಳು ಗುಬ್ಬಿಯ ಹುಟ್ಟುಹಬ್ಬವನ್ನು ಎರಡು ಸಲ ಮಾಡಬೇಕಾಗುತ್ತಿತ್ತು, ಒಮ್ಮೆ ಈ ತಾತನಿಗೆ, ಒಮ್ಮೆ ಆ ತಾತನಿಗೆ. ಗುಬ್ಬಿಗೇನೋ ಅದರಿಂದ ಲಾಭವೇ ಆಗಿತ್ತು.

ಮೊದಲು ತವರಿಗೆ ಹೋದಳು. ಅಪ್ಪ ಶೂ ಪಾಲಿಶ್ ಮಾಡುತ್ತ ಕೂತಿದ್ದರು.

“ಹಾಲ್ ಕೊಡೋಕೆ ನನಗೇನಮ್ಮ ಕಷ್ಟ? ಮೊದಲು ನಿಮ್ಮ ಮಾವನ ಬೀಗ ತೆಗೆಸು.”

“ನೀನು ಹಾಕಿದ್ದು ಮೊದಲಲ್ವಾ ಅಪ್ಪ?”

“ಮೊದಲು ಹಾಕಿದ್ದು ಯಾರು ಅಂತ ಅಲ್ಲ, ಮೊದಲು ಕಿತಾಪತಿ ಶುರುಮಾಡಿದ್ದು ಯಾರು ಅಂತ!” ಎಂದು ಬ್ರಶ್ಶನ್ನು ಇನ್ನೂ ಜೋರಾಗಿ ಉಜ್ಜಿದರು.

ಮನೆಗೆ ಬಂದು ಮಾವನನ್ನು ಕೇಳಿದಳು. ಮಾವ ಟೀ ಲೋಟ ಕೆಳಗಿಟ್ಟು, ಸಭೆಯಲ್ಲಿ ಮಾತಾಡುವಂತೆ ಗಂಟಲು ಸರಿಮಾಡಿಕೊಂಡರು.

“ಸಂಘಕ್ಕೆ ಇದು ಹೆಮ್ಮೆಯ ಕೆಲಸ. ಮನೆಮನೆಗೂ ಹೇಳಿ ಕಳಿಸ್ತೀನಿ. ಆದರೆ ನೋಡಮ್ಮ, ನಿಮ್ಮಪ್ಪ ತಮ್ಮ ಬೀಗ ತೆಗೆದ ಮೇಲೇನೇ ನಾನು ನನ್ನದನ್ನ ತೆಗೆಯೋದು.”

“ಒಂದು ಸಲ ನೀವು ಬಗ್ಗಿದ್ರೆ ಏನಾಗುತ್ತೆ ಮಾವ?”

“ಬಗ್ಗೋ ಪ್ರಶ್ನೆ ಅಲ್ಲ,” ಎಂದವರು ಯಾಕೋ ಕಣ್ಣು ತಪ್ಪಿಸಿದರು. “ತತ್ವದ ಪ್ರಶ್ನೆ.”

ಗಂಡನ ಮುಖ ನೋಡಿದಳು. ಅವನು ಎರಡೂ ಕೈ ಮುಗಿದ. “ಒಬ್ಬರು ನಂಗೆ ಡ್ಯೂಟಿ ಹಾಕೋರು, ಇನ್ನೊಬ್ಬರು ಊಟದ ಹೊತ್ತಿಗೆ ಎದುರು ಕೂರೋರು. ನನ್ನನ್ನ ಬಿಟ್ಟುಬಿಡು ಮಾರಾಯ್ತಿ.”

ಅವಳಿಗೆ ರೇಗಿತು. ಟ್ರಸ್ಟಿನವರಿಗೆ ಬರಬೇಡಿ ಎಂದು ಹೇಳಲು ಫೋನ್ ಎತ್ತಿಕೊಂಡವಳು ಮತ್ತೆ ಕೆಳಗಿಟ್ಟಳು. ಬಾಗಿಲು ತೆರೆಯದಿದ್ದರೆ ಬೇಡ, ಬಾಗಿಲ ಮುಂದೆ ಜಾಗವಿಲ್ಲವೇ? ಅಂದೇ ಬಸ್ಸು ತೊಳೆಯುವ ಹೆಂಗಸಿಗೆ ಹೇಳಿದಳು. ಅವಳು ಹಿರಿಯ ಮೆಕ್ಯಾನಿಕ್‌ಗೆ ಹೇಳಿದಳು. ಅವರಿಗೆ ಹೇಳಿದ ಮೇಲೆ ಡಿಪೋಗೆಲ್ಲ ಮೈಕಿನಲ್ಲಿ ಸಾರಿದ ಹಾಗೇ.

ಶನಿವಾರ ಸಂಜೆ ಹಾಲಿನ ಮುಂದಿನ ಸಿಮೆಂಟು ಜಗಲಿ ಜನರಿಂದ ತುಂಬಿತು. ಜಗಲಿ ಸಾಲದೆ ಜನ ಅಂಗಳಕ್ಕಿಳಿದರು, ಹಳೆಯ ಟೈರುಗಳ ಮೇಲೆ ಕೂತರು. ಗ್ರೀಸ್ ಹತ್ತಿದ ಕೈಯವರು ಪುಸ್ತಕ ಕೊಳೆಯಾಗದಿರಲೆಂದು ಹಳೇ ಪೇಪರಿನಲ್ಲಿ ಹಿಡಿದುಕೊಂಡಿದ್ದರು. ಡ್ಯೂಟಿ ಮುಗಿಸಿ ಬಂದ ಡ್ರೈವರುಗಳು ಓದಿಗೆ ಸದ್ದಾಗದಿರಲೆಂದು ಗೇಟಿನಲ್ಲೇ ಇಂಜಿನ್ ಆರಿಸಿ, ಹತ್ತಾರು ಜನ ಸೇರಿ ಬಸ್ಸನ್ನು ತಳ್ಳಿಕೊಂಡು ಬಂದರು. ಅಷ್ಟು ಹೊತ್ತಿಗೆ ಟ್ರಸ್ಟಿನ ಮೇಡಂ ಬಂದರು. ಕುರ್ಚಿ ತರುತ್ತೇನೆಂದರೂ ಕೇಳದೆ ಒಂದು ಟೈರಿನ ಮೇಲೆ ಕೂತರು. ಕೂತ ಕ್ಷಣಕ್ಕೇ ಯಾರೋ ಅವರ ತೊಡೆಯ ಮೇಲೆ ಒಂದು ಕೂಸನ್ನು ಇಟ್ಟುಹೋದರು.

ಮ್ಯಾನೇಜರ್ ತಮ್ಮ ಆಫೀಸಿನಿಂದ ದಡಬಡ ಇಳಿದು ಬಂದರು. “ಬಸ್ಸು ತಿರುಗೋ ಜಾಗದಲ್ಲಿ ಮಕ್ಕಳನ್ನ ಕೂರಿಸಿದ್ದು ಯಾರು?” ಎಂದು ಶುರುಮಾಡಿದರು. ಇತ್ತ ಸಂಘದ ಕೋಣೆಯಿಂದ ಸೆಕ್ರೆಟರಿ ಬಂದರು. “ನಮ್ಮ ಸದಸ್ಯರ ಮನೆಯವರನ್ನ ನೆಲದ ಮೇಲೆ...”

“ಶ್ಶ್!” ಎಂದಿತು ಇಡೀ ಅಂಗಳ.

ಬಸ್ಸು ತೊಳೆಯುವ ಹೆಂಗಸು ಎದ್ದು ನಿಂತಿದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಪುಸ್ತಕ ತೆರೆದಳು. ಮಗಳು ಸಾಲಿನ ಕೆಳಗೆ ಬೆರಳಿಡಲು ಹೋದರೆ, ಆ ಬೆರಳನ್ನು ಮೆಲ್ಲಗೆ ಸರಿಸಿದಳು.

“ಆ... ನೆ... ಆನೆಗೆ... ಹೊಳೆ ದಾಟಬೇಕಿತ್ತು,” ಎಂದು ಓದಿದಳು. ಅಕ್ಷರ ಸಿಕ್ಕಿಕೊಂಡಾಗ ನಿಂತಳು, ಉಸಿರೆಳೆದುಕೊಂಡಳು, ಮತ್ತೆ ಹಿಡಿದಳು. ಯಾರೂ ಎತ್ತಿಕೊಡಲಿಲ್ಲ. ಮ್ಯಾನೇಜರ್ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಸೆಕ್ರೆಟರಿಯ ಬಾಯಿ ಅರ್ಧ ತೆರೆದೇ ಇತ್ತು. ಒಂದು ಪುಟ ಮುಗಿಸುವ ಹೊತ್ತಿಗೆ ಅವಳ ದನಿ ಗಟ್ಟಿಯಾಗಿತ್ತು. “ಆನೆ ಹೊಳೆ ದಾಟಿತು!” ಎಂದು ಕೊನೆಯ ಸಾಲನ್ನು ಗೇಟಿನವರೆಗೂ ಕೇಳುವಂತೆ ಓದಿ, ಪುಸ್ತಕ ಮುಚ್ಚಿ, ಮಗಳನ್ನು ಅಪ್ಪಿಕೊಂಡು ಗಳಗಳ ಅತ್ತುಬಿಟ್ಟಳು.

ಚಪ್ಪಾಳೆಗೆ ಶೆಡ್ಡಿನ ತಗಡು ಅದುರಿತು. ಮ್ಯಾನೇಜರೂ ಚಪ್ಪಾಳೆ ತಟ್ಟುತ್ತಿದ್ದರು, ಸೆಕ್ರೆಟರಿಯೂ ತಟ್ಟುತ್ತಿದ್ದರು. ಒಬ್ಬರ ಕಣ್ಣು ಇನ್ನೊಬ್ಬರ ಮೇಲೆ ಬಿದ್ದದ್ದೇ ಇಬ್ಬರೂ ಕೈ ನಿಲ್ಲಿಸಿದರು.

ಲೈಬ್ರರಿಯಮ್ಮನಿಗೆ ಈಗ ಬಿಟ್ಟರೆ ಇನ್ನಿಲ್ಲ ಅನ್ನಿಸಿತು. ಜಗಲಿ ಹತ್ತಿ ನಿಂತಳು.

“ಮುಂದಿನ ಕತೆ ಒಳಗೆ ಓದ್ತೀವಿ. ಅಪ್ಪ, ಕೀ ಕೊಡು. ಮಾವ, ಕೀ ಕೊಡಿ.”

“ಅವರು ಮೊದಲು...” ಎಂದು ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು.

“ಸಾಕು!” ಅಂದಳು. ಅಷ್ಟು ದೊಡ್ಡ ದನಿ ತನ್ನಲ್ಲಿದೆ ಎಂದು ಅವಳಿಗೇ ಗೊತ್ತಿರಲಿಲ್ಲ. “ಇಷ್ಟು ವರ್ಷ ನಿಮ್ಮಿಬ್ಬರ ಮಧ್ಯೆ ನಾನು ಪೋಸ್ಟ್‌ಮ್ಯಾನ್ ಕೆಲಸ ಮಾಡಿದ್ದಾಯ್ತು. ಇವರು ಹೀಗಂದ್ರು, ಅವರು ಹಾಗಂದ್ರು. ನೀವಿಬ್ಬರೂ ನಂಗೆ ಬೇಕು, ಅದಕ್ಕೇ ಯಾರಿಗೂ ಎದುರು ಮಾತಾಡಲಿಲ್ಲ. ಇವತ್ತು ಈ ಅಕ್ಕ ಇಷ್ಟು ಜನರ ಮುಂದೆ ಓದಿದ್ಲಲ್ಲ, ಅವಳಿಗೆ ಭಯ ಇರಲಿಲ್ವಾ? ನಾಚಿಕೆ ಇರಲಿಲ್ವಾ? ಅವಳು ದಾಟಿದ್ಲು. ನಿಮಗೆ ಒಂದು ಬಾಗಿಲು ದಾಟೋಕಾಗಲ್ವಾ?”

ಮ್ಯಾನೇಜರ್ ಮಗಳ ಮುಖವನ್ನೇ ನೋಡುತ್ತ ನಿಂತರು. ಆಮೇಲೆ ಸೊಂಟದ ಕೀ ಗೊಂಚಲು ಬಿಚ್ಚಿ, ಜಗಲಿ ಹತ್ತಿ, ತಮ್ಮ ಬೀಗಕ್ಕೆ ಕೀ ತೂರಿಸಿದರು. ತಿರುಗಲಿಲ್ಲ. ಹಲ್ಲು ಕಚ್ಚಿ ತಿರುಗಿಸಿದರು. ಟಕ್ ಎಂದು ಕೀ ಮುರಿದು, ಅರ್ಧ ಒಳಗೇ ಉಳಿಯಿತು.

“ತುಕ್ಕು ಹಿಡಿದಿದೆ,” ಎಂದರು ಕೆಂಪೇರಿ. “ಸರಿ, ಅವರದಾದ್ರೂ ತೆಗೀಲಿ.”

ಸೆಕ್ರೆಟರಿಯ ಕೈ ಜೇಬಿನೊಳಗೆ ಹೋಗಿದ್ದು ಅಲ್ಲೇ ಉಳಿಯಿತು.

“ಮಾವ?” ಅಂದಳು ಸೊಸೆ.

“ಕೀ ಇಲ್ಲಮ್ಮ.”

“ಮನೇಲಿದೆಯಾ?”

“ಎಲ್ಲೂ ಇಲ್ಲ. ಬೀಗ ಹಾಕಿದ ವಾರವೇ ಕಳೆದುಹೋಯ್ತು.” ಅವರ ದನಿ ಪಾತಾಳಕ್ಕಿಳಿದಿತ್ತು. “ಹಾಕಿದವನೇ ಕೀ ಕಳಕೊಂಡ ಅಂತ ಹ್ಯಾಗೆ ಹೇಳೋದು? ಅದಕ್ಕೇ... ತತ್ವ ಅಂದೆ.”

ಮ್ಯಾನೇಜರ್ ಕೈಯಲ್ಲಿದ್ದ ಮುರುಕು ಕೀ ನೋಡಿದರು, ಬೀಗರ ಖಾಲಿ ಕೈ ನೋಡಿದರು. ಮೀಸೆಯ ತುದಿ ನಡುಗಿತು. ತಡೆದರು, ತಡೆಯಲಾಗಲಿಲ್ಲ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಇದನ್ನ ಆವತ್ತೇ ಹೇಳಿದ್ರೆ ನಾನೇ ಸುತ್ತಿಗೆ ತರ್ತಿದ್ದೆನಲ್ಲ ಬೀಗರೇ!”

“ಹೇಳಿದ್ರೆ ನೀವು ನಗ್ತಿದ್ರಿ ಬೀಗರೇ!” ಎಂದು ಸೆಕ್ರೆಟರಿಯೂ ನಕ್ಕುಬಿಟ್ಟರು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಹಿರಿಯ ಮೆಕ್ಯಾನಿಕ್ ಗರಗಸ ತಂದರು. ಒಂದು ಬೀಗವನ್ನು ಮ್ಯಾನೇಜರ್ ಹಿಡಿದುಕೊಂಡರು, ಇನ್ನೊಂದನ್ನು ಸೆಕ್ರೆಟರಿ. “ಬೆರಳು ಜೋಪಾನ ಬೀಗರೇ,” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಲೈಬ್ರರಿಯಮ್ಮ ಅಳಬೇಕೋ ನಗಬೇಕೋ ತಿಳಿಯದೆ ಕಂಬ ಹಿಡಿದು ನಿಂತಳು. ಬೀಗಗಳು ಒಂದರ ಹಿಂದೆ ಒಂದು ನೆಲಕ್ಕೆ ಬಿದ್ದವು, ಬಾಗಿಲು ಕಿರ್ರೆಂದು ತೆರೆಯಿತು, ಮೊದಲು ನುಗ್ಗಿದ್ದು ಮಕ್ಕಳು.

ಒಳಗೆ ಮೊಳಕಾಲೆತ್ತರ ಧೂಳು ಅಂದರೂ ತಪ್ಪಾಗದು. ಬಸ್ಸು ತೊಳೆಯುವ ಪೈಪನ್ನೇ ಎಳೆದು ತಂದರು. ಡ್ರೈವರುಗಳು ಪೊರಕೆ ಹಿಡಿದರು. ಲೈಬ್ರರಿಯಮ್ಮನ ಗಂಡ ಎಲ್ಲರಿಗಿಂತ ಮುಂದೆ ನಿಂತು ಕಿಟಕಿ ಒರೆಸಿದ; ಇನ್ನು ಅವನಿಗೆ ಯಾರ ಕಡೆಯೂ ನಿಲ್ಲಬೇಕಾಗಿರಲಿಲ್ಲ.

ಟ್ರಸ್ಟಿನ ಮೇಡಂ ನಿದ್ದೆ ಹೋಗಿದ್ದ ಕೂಸನ್ನು ಅದರ ತಾಯಿಗೊಪ್ಪಿಸಿ ಲೈಬ್ರರಿಯಮ್ಮನ ಹತ್ತಿರ ಬಂದರು.

“ನಾನು ಹೋದಲ್ಲೆಲ್ಲ ಸಂಸ್ಥೆಗಳು ನಾವೆಲ್ಲ ಒಂದೇ ಕುಟುಂಬ ಅಂತ ನಾಟಕ ಮಾಡ್ತವೆ,” ಅಂದರು. “ಕುಟುಂಬದವರೇ ಸಂಸ್ಥೆಗಳ ಥರ ಜಗಳ ಆಡೋದನ್ನ ಇದೇ ಮೊದಲು ನೋಡಿದ್ದು.”

ಲೈಬ್ರರಿಯಮ್ಮ ಪೆಚ್ಚಾದಳು. “ಸಂಬಂಧಿಕರು ಅಂತ ಮೊದಲೇ ಹೇಳಬೇಕಿತ್ತು ಮೇಡಂ. ಇದರಿಂದ ನೆರವು ತಪ್ಪಿಹೋಗುತ್ತಾ?”

“ಒಪ್ಪಂದ ಡಿಪೋದ ಜೊತೆ, ಸಂಘದ ಜೊತೆ. ಲೆಕ್ಕಪತ್ರ ನೋಡೋಕೆ ಹೊರಗಿನವರೊಬ್ಬರನ್ನ ಇಡೋಣ, ಅಷ್ಟೇ. ನೆರವು ಬರುತ್ತೆ,” ಎಂದು ಅವಳ ಕೈ ಹಿಡಿದುಕೊಂಡರು. “ಸಹಾಯಕರ ಕೆಲಸಕ್ಕೆ ಮನಸ್ಸಲ್ಲಿ ಯಾರಾದ್ರೂ ಇದ್ದಾರಾ?”

ಲೈಬ್ರರಿಯಮ್ಮ ಒಳಗೆ ನೀರು ಹಾಯಿಸುತ್ತಿದ್ದ ಹೆಂಗಸಿನ ಕಡೆ ಬೆರಳು ತೋರಿಸಿದಳು. “ಓದು ಕಲಿಯೋದು ಎಷ್ಟು ಕಷ್ಟ ಅಂತ ಅವಳಿಗೆ ಇನ್ನೂ ನೆನಪಿದೆ ಮೇಡಂ. ನನಗೆ ಮರೆತೇಹೋಗಿದೆ.”

ವರ್ಷ ಕಳೆಯುವುದರೊಳಗೆ ಹಾಲ್‌ನಲ್ಲಿ ಜಾಗ ಸಾಲದಾಯಿತು. ಬೇಕರಿಯವರು ಶನಿವಾರ ಬ್ರೆಡ್ಡು ಕಳಿಸತೊಡಗಿದರು, ಆಸ್ಪತ್ರೆಯ ನರ್ಸು ಬಾಣಂತಿಯರನ್ನು ಕರೆತಂದಳು, ಸಂಘದ ಮಾತು ಕೇಳಿ ಪಕ್ಕದ ಊರಿನ ಡಿಪೋದವರೂ ನಮಗೂ ಬೇಕು ಅಂದರು. ಅಲ್ಲಿಗೆ ಪುಸ್ತಕ, ಚಾಪೆ, ಓದಿಸುವವರನ್ನೆಲ್ಲ ಒಯ್ಯಲು ಮ್ಯಾನೇಜರ್ ಒಂದು ಬಸ್ಸನ್ನೇ ಕೊಟ್ಟರು. ಮೊದಲ ದಿನ ಅದನ್ನು ಓಡಿಸುವ ಡ್ಯೂಟಿ ಲೈಬ್ರರಿಯಮ್ಮನ ಗಂಡನಿಗೇ ಬಿತ್ತು.

ಹೊರಡುವ ಹೊತ್ತಿಗೆ ಬಸ್ಸಿನೊಳಗೆ ಗಲಾಟೆ. ಮುಂದಿನ ಸೀಟಿಗಾಗಿ ಇಬ್ಬರು ತಾತಂದಿರು ತಕರಾರು ತೆಗೆದಿದ್ದರು.

“ಬಸ್ಸು ಡಿಪೋದ್ದು ಬೀಗರೇ.”

“ಓಡಿಸೋನು ಸಂಘದ ಸದಸ್ಯ ಬೀಗರೇ.”

“ಅಲ್ಲಿ ನಾನು ಕೂತಿದ್ದೀನಿ,” ಅಂದಳು ಗುಬ್ಬಿ, ಆಗಲೇ ಕಿಟಕಿಗೆ ಮೂಗು ಒತ್ತಿಕೊಂಡು. ಇಬ್ಬರೂ ಬಾಯಿ ಮುಚ್ಚಿಕೊಂಡು ಹಿಂದಿನ ಸೀಟಿನಲ್ಲಿ ಒತ್ತೊತ್ತಾಗಿ ಕೂತರು.

ಲೈಬ್ರರಿಯಮ್ಮ ಕೊನೆಯ ಪುಸ್ತಕದ ಪೆಟ್ಟಿಗೆಯನ್ನು ಒಳಗೆ ತಳ್ಳಿ, ಫುಟ್‌ಬೋರ್ಡ್ ಮೇಲೆ ನಿಂತು, ಬಸ್ಸಿನ ಮೈಯನ್ನು ಎರಡು ಸಲ ಬಡಿದಳು.

“ರೈಟ್, ರೈಟ್!”

ಬಸ್ಸು ಹೊರಟಿತು.